ಕೈ ಜಿಪಿಎಸ್ ಮತ್ತು ಜಿಯೋಕ್ಯಾಶಿಂಗ್

ಒಬ್ಬರು ಒಂದು ಡಬ್ಬಿಯನ್ನು ಬೆಟ್ಟದಲ್ಲೋ ಕಾಡಂಚಿನಲ್ಲೋ ಊರೊಳಗಿನ ಪಾರ್ಕಿನಲ್ಲೋ ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಅದನ್ನು ಹುಡುಕುತ್ತಾರೆ. ಸಿಕ್ಕರೆ ಒಳಗಿರುವ ಲಾಗ್‌ಬುಕ್ಕಿನಲ್ಲಿ ಹೆಸರು, ತಾರೀಖು ಬರೆದು ಡಬ್ಬಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಬರುತ್ತಾರೆ. ಡಬ್ಬಿಗೆ ಕ್ಯಾಶ್ ಎನ್ನುತ್ತಾರೆ, ಈ ಆಟಕ್ಕೆ ಜಿಯೋಕ್ಯಾಶಿಂಗ್. 2000ದ ಮೇ ತಿಂಗಳಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಒಂದೇ ಒಂದು ಬಕೆಟ್ಟಿನಿಂದ ಶುರುವಾದದ್ದು. ಇವತ್ತು ಅಂಟಾರ್ಕ್ಟಿಕಾ ಸೇರಿ ಏಳೂ ಖಂಡಗಳಲ್ಲಿ ಇಂಥ ಡಬ್ಬಿಗಳಿವೆ, ಒಟ್ಟು ಸಂಖ್ಯೆ 30 ಲಕ್ಷ ಮೀರಿದೆ. ಚಾರಣಿಗರು, ಸೈಕಲ್ ಸವಾರರು, ಹಕ್ಕಿ ನೋಡುವವರು, ಕಾಡಿನಲ್ಲಿ ಸರ್ವೆ ಮಾಡುವವರು ಕೈಯಲ್ಲಿ ಹಿಡಿಯುವ ಜಿಪಿಎಸ್ ಬಳಸುತ್ತಾರಾದರೂ ಆ ಉಪಕರಣದ ಬಲವನ್ನೂ ಮಿತಿಯನ್ನೂ ಈ ಆಟದಷ್ಟು ಸ್ಪಷ್ಟವಾಗಿ ಬೇರೆ ಯಾವ ಹವ್ಯಾಸವೂ ತೋರಿಸಿಕೊಡುವುದಿಲ್ಲ. ಹಾಗಾಗಿ ಇಲ್ಲಿ ಎರಡನ್ನೂ ಒಟ್ಟಿಗೇ ನೋಡಲಾಗಿದೆ.

ಹುಟ್ಟು

ಜಿಪಿಎಸ್‌ನ ಮೊದಲ ಉಪಗ್ರಹ ಕಕ್ಷೆ ಸೇರಿದ್ದು 1978ರಲ್ಲಿ. ಅಮೆರಿಕದ ಸೇನೆ ತನಗಾಗಿ ಕಟ್ಟಿಕೊಂಡ ವ್ಯವಸ್ಥೆ ಅದು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಹೊಕ್ಕ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿ, ಅದರಲ್ಲಿದ್ದ 269 ಮಂದಿಯೂ ಸತ್ತರು. ಆಮೇಲೆ ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ, ಜಿಪಿಎಸ್ ಸಿದ್ಧವಾದ ಮೇಲೆ ನಾಗರಿಕರೂ ಬಳಸಬಹುದು ಎಂದು ಪ್ರಕಟಿಸಿತು. ಕೊಟ್ಟ ಸಂಕೇತ ಮಾತ್ರ ಕಲಬೆರಕೆಯದು. ಸೆಲೆಕ್ಟಿವ್ ಅವೈಲಬಿಲಿಟಿ ಎಂಬ ಹೆಸರಿನಲ್ಲಿ ನಾಗರಿಕ ಸಂಕೇತಕ್ಕೆ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಉಪಕರಣ ತೋರಿಸುವ ಜಾಗ ನಿಜವಾದ ಜಾಗದಿಂದ ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಕೈಯಲ್ಲಿ ಹಿಡಿಯಬಹುದಾದ ಮೊದಲ ನಾಗರಿಕ ಜಿಪಿಎಸ್ ಆದ ಮೆಗೆಲನ್ ನ್ಯಾವ್ 1000 ಮಾರುಕಟ್ಟೆಗೆ ಬಂದದ್ದು 1989ರಲ್ಲಿ, ಇಂಥ ಉಪಕರಣ ತಯಾರಿಸುವ ಗಾರ್ಮಿನ್ ಕಂಪನಿ ಹುಟ್ಟಿದ್ದೂ ಅದೇ ವರ್ಷ. ತೊಂಬತ್ತರ ದಶಕ ಪೂರ್ತಿ ಇಂಥ ಉಪಕರಣ ಕೊಂಡವರು ದೋಣಿ ನಡೆಸುವವರು, ವಿಮಾನ ಹಾರಿಸುವವರು, ಬೇಟೆಗಾರರು. ನೂರು ಮೀಟರಿನ ತಪ್ಪು ಸಮುದ್ರದ ಮೇಲೆ ನಡೆಯುತ್ತದೆ. ಪೊದೆಯೊಳಗಿನ ಡಬ್ಬಿ ಹುಡುಕಲು ನಡೆಯುವುದಿಲ್ಲ: ನೂರು ಮೀಟರ್ ತ್ರಿಜ್ಯದ ವೃತ್ತವೆಂದರೆ ಏಳೂಮುಕ್ಕಾಲು ಎಕರೆ.

2000ದ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಈ ಬೆರಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಅಂದು ಮಧ್ಯರಾತ್ರಿ, ವಾಷಿಂಗ್ಟನ್ನಿನ ಗಡಿಯಾರದ ಪ್ರಕಾರ, ಅದು ನಿಂತಿತು. ಜನರ ಕೈಯಲ್ಲಿದ್ದ ಹಳೆಯ ಉಪಕರಣಗಳೇ, ಒಂದು ಸ್ಕ್ರೂ ಕೂಡ ಬದಲಾಗದೆ, ಬೆಳಗಾಗುವಷ್ಟರಲ್ಲಿ ಹತ್ತು ಪಟ್ಟು ಕರಾರುವಾಕ್ಕಾದವು. ಏಳೂಮುಕ್ಕಾಲು ಎಕರೆ ಮೂರು ಗುಂಟೆಗೆ ಇಳಿಯಿತು.

ಮೇ 3ರಂದು ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ತಜ್ಞ, ಆರೆಗನ್ನಿನ ಬೀವರ್‌ಕ್ರೀಕ್ ಬಳಿ ರಸ್ತೆಯಂಚಿನ ಕಾಡಿನಲ್ಲಿ ಕಪ್ಪು ಪ್ಲಾಸ್ಟಿಕ್ ಬಕೆಟ್ ಒಂದನ್ನು ಅರ್ಧ ಹೂತಿಟ್ಟ. ಒಳಗೆ ಪುಸ್ತಕ, ವಿಡಿಯೊ ಕ್ಯಾಸೆಟ್, ಸಾಫ್ಟ್‌ವೇರ್, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಬೀನ್ಸ್ ಡಬ್ಬಿ. ಜೊತೆಗೊಂದು ಪುಸ್ತಕ, ಪೆನ್ಸಿಲ್. ಉತ್ತರ 45 ಡಿಗ್ರಿ 17.460 ಮಿನಿಟು, ಪಶ್ಚಿಮ 122 ಡಿಗ್ರಿ 24.800 ಮಿನಿಟು ಎಂದು ಉಪಗ್ರಹ ಸಂಚಾರದ ಚರ್ಚಾಕೂಟವೊಂದರಲ್ಲಿ ಬರೆದು, ಸಿಕ್ಕವರು ಏನಾದರೂ ತೆಗೆದುಕೊಳ್ಳಲಿ, ಏನಾದರೂ ಇಡಲಿ ಎಂದು ಸೂಚಿಸಿದ. ಪಕ್ಕದ ವಾಷಿಂಗ್ಟನ್ ರಾಜ್ಯದ ಮೈಕ್ ಟೀಗ್ ಕೆಲವೇ ದಿನಗಳಲ್ಲಿ ಅದನ್ನು ಮೊದಲು ಪತ್ತೆ ಮಾಡಿದ, ಅಲ್ಲಲ್ಲಿ ಹುಟ್ಟುತ್ತಿದ್ದ ಇಂಥ ಬಚ್ಚಿಟ್ಟ ಡಬ್ಬಿಗಳ ಪಟ್ಟಿಯೊಂದನ್ನೂ ಇಡತೊಡಗಿದ. ಜಿಯೋಕ್ಯಾಶಿಂಗ್ ಎಂಬ ಹೆಸರನ್ನು ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಸೂಚಿಸಿದ. ಸೆಪ್ಟೆಂಬರ್ 2ರಂದು ಜೆರೆಮಿ ಐರಿಷ್ 75 ಡಬ್ಬಿಗಳ ಪಟ್ಟಿಯೊಂದಿಗೆ ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣವನ್ನು ತೆರೆದ; ಅದನ್ನು ನಡೆಸುವ ಸಂಸ್ಥೆ ಈಗಲೂ ಸಿಯಾಟಲ್‌ನಲ್ಲಿದೆ. ಮೊದಲ ಬಕೆಟ್ ಇದ್ದ ಜಾಗದಲ್ಲಿ ಒಂದು ಸ್ಮಾರಕ ಫಲಕವಿದೆ. ಜಾಗದ ಒಡೆಯರ ಅನುಮತಿ ಇಲ್ಲದೆ ನೆಲ ಅಗೆದು ಹೂತಿಡುವುದು ಈಗ ನಿಯಮಬಾಹಿರ ಎಂಬುದನ್ನು ನೆನೆದರೆ, ಹೊಸ ಡಬ್ಬಿಗಳನ್ನು ಪ್ರಕಟಿಸುವ ಮುನ್ನ ನೋಡುವ ಇಂದಿನ ಪರಿಶೀಲಕರ ಕೈಯಲ್ಲಿ ಮೊತ್ತಮೊದಲ ಡಬ್ಬಿ ಪಾಸಾಗುವುದು ಕಷ್ಟವಿತ್ತು.

ಬಚ್ಚಿಟ್ಟು ಹುಡುಕಿಸುವ ಚಟ ಇದಕ್ಕಿಂತ ಹಳೆಯದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಬಾಟಲಿಯೊಂದನ್ನಿಟ್ಟು, ಅಲ್ಲಿಯವರೆಗೆ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡ್ ಹಾಕಿ ಹೋಗುವ ಏರ್ಪಾಡು ಮಾಡಿದ್ದ. ಲೆಟರ್‌ಬಾಕ್ಸಿಂಗ್ ಎಂಬ ಹೆಸರಿನಲ್ಲಿ ಅದು ಇನ್ನೂ ನಡೆಯುತ್ತಿದೆ. ಅಲ್ಲಿ ಜಾಗ ತಿಳಿಯುವುದು ಮಾತಿನ ಸುಳಿವಿನಿಂದ, ಇಲ್ಲಿ ಅಂಕೆಗಳಿಂದ.

ಆಟದ ಸ್ವರೂಪ

ಡಬ್ಬಿ ಎಂದರೆ ಬಂದೂಕಿನ ಗುಂಡು ತುಂಬಿಡುವ ಸೇನೆಯ ಹಳೆಯ ಕಬ್ಬಿಣದ ಪೆಟ್ಟಿಗೆಯೂ ಆಗಬಹುದು, ಊಟದ ಪ್ಲಾಸ್ಟಿಕ್ ಡಬ್ಬಿಯೂ ಆಗಬಹುದು, ಬೆರಳ ತುದಿಯಷ್ಟು ಸಣ್ಣ ಅಯಸ್ಕಾಂತದ ಬಿಲ್ಲೆಯೂ ಆಗಬಹುದು. ಪ್ರತಿಯೊಂದಕ್ಕೂ ಎರಡು ಅಂಕ ಕೊಡುತ್ತಾರೆ: ಹುಡುಕುವುದು ಎಷ್ಟು ಕಷ್ಟ, ಅಲ್ಲಿಗೆ ತಲುಪುವುದು ಎಷ್ಟು ಕಷ್ಟ. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಹೆಜ್ಜೆಯಲ್ಲಿ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್, ಅಂದರೆ ಒಂದು ಮೈಲಿಯ ಹತ್ತನೆಯ ಒಂದು ಭಾಗದ ಅಂತರವಿರಬೇಕು. ಸುಳಿವು ಇದ್ದರೆ ಅದನ್ನು ಇಂಗ್ಲಿಷ್ ಅಕ್ಷರಗಳನ್ನು ಹದಿಮೂರು ಸ್ಥಾನ ಮುಂದಕ್ಕೆ ಸರಿಸಿ ಬರೆದಿರುತ್ತಾರೆ, ಕಣ್ಣು ತಪ್ಪಿ ಓದಿಬಿಡಬಾರದೆಂದು. ಒಂದು ಜಾಗದಿಂದ ಇನ್ನೊಂದಕ್ಕೆ ಕಳಿಸುತ್ತ ಹೋಗುವ ಬಹುಹಂತದ ಡಬ್ಬಿಗಳಿವೆ. ಒಗಟು ಬಿಡಿಸಿದ ಮೇಲಷ್ಟೇ ನಿಜವಾದ ಅಂಕೆ ಸಿಗುವಂಥವಿವೆ. ಡಬ್ಬಿಯೇ ಇಲ್ಲದ ಬಗೆಯೂ ಒಂದುಂಟು. ಅಮೆರಿಕದ ಭೂವೈಜ್ಞಾನಿಕ ಸೊಸೈಟಿಯ ಸಹಯೋಗದಲ್ಲಿ 2004ರಲ್ಲಿ ಬಂದ ಅರ್ಥ್‌ಕ್ಯಾಶ್‌ನಲ್ಲಿ ಹುಡುಕಬೇಕಾದದ್ದು ಒಂದು ಬಂಡೆ, ಒಂದು ಪದರ, ಒಂದು ಬಿರುಕು. ಅಲ್ಲಿಗೆ ಹೋಗಿ ನೋಡಿಯೇ ಉತ್ತರಿಸಬಹುದಾದ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ನಮ್ಮ ಲಾಲ್‌ಬಾಗಿನ ಬಂಡೆ, ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಈ ಬಗೆಯ ಆಟಕ್ಕೆ ಹೇಳಿ ಮಾಡಿಸಿದಂತಿವೆ.

ಸೈನಿಕರ ಕೊರಳ ಬಿಲ್ಲೆಯಂಥ ತಗಡಿನ ಮೇಲೆ ಸಂಖ್ಯೆ ಕೆತ್ತಿ ಡಬ್ಬಿಯಿಂದ ಡಬ್ಬಿಗೆ ಊರೂರು ಸಾಗಿಸುವ ಪದ್ಧತಿಯೂ ಬೆಳೆದಿದೆ. ಇದರ ಅತಿರೇಕ ನೋಡಬೇಕೆಂದರೆ ಮಂಗಳ ಗ್ರಹದವರೆಗೆ ಹೋಗಬೇಕು. 2021ರಲ್ಲಿ ಅಲ್ಲಿ ಇಳಿದ ನಾಸಾದ ಪರ್ಸಿವಿಯರೆನ್ಸ್ ಗಾಡಿಯ ಒಂದು ಉಪಕರಣದ ಮಾಪನ ಫಲಕದಲ್ಲಿ ಇಂಥ ಸಂಖ್ಯೆಯೊಂದನ್ನು ಅಚ್ಚು ಹಾಕಿದ್ದಾರೆ. ಅದಕ್ಕೂ ಮೊದಲು, 2008ರಲ್ಲಿ, ಬಾಹ್ಯಾಕಾಶ ಪ್ರವಾಸಿ ರಿಚರ್ಡ್ ಗ್ಯಾರಿಯಟ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಕ್ಯಾಶ್ ಇಟ್ಟು ಬಂದಿದ್ದರು.

ಉಪಕರಣ ಮಾಡುವ ಕೆಲಸ

ಕೈ ಜಿಪಿಎಸ್ ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿ ಉಪಗ್ರಹವೂ ತನ್ನ ಪರಮಾಣು ಗಡಿಯಾರದ ಸಮಯವನ್ನೂ ತನ್ನ ಕಕ್ಷೆಯ ವಿವರವನ್ನೂ ಸಾರುತ್ತಲೇ ಇರುತ್ತದೆ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ 300 ಮೀಟರ್ ತಪ್ಪುತ್ತದೆ. ಅಂಗಡಿಯಲ್ಲಿ ಕೊಂಡ ಉಪಕರಣದಲ್ಲಿ ಪರಮಾಣು ಗಡಿಯಾರ ಇರುವುದಿಲ್ಲವಾದ್ದರಿಂದ ಅದು ತನ್ನ ಗಡಿಯಾರದ ತಪ್ಪನ್ನೂ ಒಂದು ಅಜ್ಞಾತ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ: ನಾಲ್ಕು ಅಜ್ಞಾತಗಳಿಗೆ ಕನಿಷ್ಠ ನಾಲ್ಕು ಉಪಗ್ರಹ ಬೇಕು.

ಉಪಗ್ರಹಗಳ ಮಾತು ಬಲು ನಿಧಾನ, ಸೆಕೆಂಡಿಗೆ 50 ಬಿಟ್. ಒಂದು ಉಪಗ್ರಹದ ಕಕ್ಷೆಯ ವಿವರ ಕೇಳಿಸಿಕೊಳ್ಳಲು ಅರ್ಧ ನಿಮಿಷ. ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ. ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಉಪಕರಣವನ್ನು ಬಸ್ಸಿನಿಂದ ಇಳಿದು ಹೊರಡುವ ಹೊತ್ತಿಗೆ ಆನ್ ಮಾಡಿದರೆ ಅದು ತಬ್ಬಿಬ್ಬಾಗುವುದು ಇದರಿಂದ. ಆಕಾಶ ತೆರೆದಿರುವ ಕಡೆ ಒಂದಿಷ್ಟು ಹೊತ್ತು ಇಟ್ಟು ಹೊರಡುವುದು ಲೇಸು. ಫೋನಿಗೆ ಈ ಕಾಯುವಿಕೆ ಇಲ್ಲ, ಮೊಬೈಲ್ ಜಾಲದಿಂದ ಆ ವಿವರಗಳನ್ನು ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಹಳೆಯ ಉಪಕರಣಗಳಿಗೆ ಇನ್ನೊಂದು ವೃದ್ಧಾಪ್ಯದ ಕಾಯಿಲೆ ಉಂಟು. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 2019ರ ಏಪ್ರಿಲ್‌ನಲ್ಲಿ ಹೀಗೆ ಸೊನ್ನೆಗೆ ಮರಳಿದ ಮೇಲೆ ಕೆಲವು ಉಪಕರಣಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ಅಂಥವುಗಳಲ್ಲಿ ಅನೇಕವು ಜಾಗವನ್ನು ಸರಿಯಾಗಿಯೇ ಹೇಳುತ್ತವೆ.

ಅಂಕೆಗಳ ವಿಷಯದಲ್ಲಿ ಹೊಸಬರು ಎಡವುವುದು ಹೆಚ್ಚು. ಜಿಯೋಕ್ಯಾಶಿಂಗ್ ಬಳಸುವುದು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳ ಕ್ರಮವನ್ನು. ಫೋನಿನ ನಕ್ಷೆಗಳು ಸಾಮಾನ್ಯವಾಗಿ ಡಿಗ್ರಿಯನ್ನೇ ದಶಮಾಂಶದಲ್ಲಿ ಕೊಡುತ್ತವೆ. ಸರ್ವೆ ನಕ್ಷೆಗಳಲ್ಲಿ ಡಿಗ್ರಿ, ಮಿನಿಟು, ಸೆಕೆಂಡು ಇರುತ್ತದೆ. ಅಲ್ಮರ್‌ನ ಬಕೆಟ್ಟಿನ 17.460 ಮಿನಿಟನ್ನು 17 ಮಿನಿಟು 46.0 ಸೆಕೆಂಡು ಎಂದು ಓದಿದರೆ ಏನಾಗುತ್ತದೆ ನೋಡಿ. 0.460 ಮಿನಿಟು ಎಂದರೆ 27.6 ಸೆಕೆಂಡು. ವ್ಯತ್ಯಾಸ 18.4 ಸೆಕೆಂಡು, ಅಕ್ಷಾಂಶದ ಒಂದು ಸೆಕೆಂಡಿಗೆ ಸುಮಾರು 31 ಮೀಟರ್. ಅರ್ಧ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿ ಪೊದೆ ಕೆದಕುತ್ತಿರುತ್ತೀರಿ.

ಮೂರನೆಯ ದಶಮಾಂಶ ಸ್ಥಾನದ ಬೆಲೆಯನ್ನೂ ತಿಳಿದಿರುವುದು ಒಳ್ಳೆಯದು. ಅಕ್ಷಾಂಶದ ಒಂದು ಮಿನಿಟು ಒಂದು ನಾವಿಕ ಮೈಲಿ, 1852 ಮೀಟರ್. ಮಿನಿಟಿನ ಸಾವಿರದ ಒಂದು ಭಾಗ 1.85 ಮೀಟರ್. ರೇಖಾಂಶದಲ್ಲಿ ಹಾಗಲ್ಲ, ರೇಖೆಗಳು ಧ್ರುವದತ್ತ ಕೂಡುತ್ತ ಹೋಗುವುದರಿಂದ ಅದು ಊರಿನಿಂದ ಊರಿಗೆ ಬದಲಾಗುತ್ತದೆ: ಬೆಂಗಳೂರಿನಲ್ಲಿ 1.80 ಮೀಟರ್, ಆರೆಗನ್ನಿನ ಆ ಕಾಡಿನಲ್ಲಿ 1.30. ಇನ್ನೊಂದು ಎಚ್ಚರಿಕೆ ಆಧಾರಪ್ರಮಾಣದ್ದು. ಜಿಪಿಎಸ್ ನಂಬುವುದು ಡಬ್ಲ್ಯುಜಿಎಸ್ 84 ಎಂಬ ಭೂಮಾದರಿಯನ್ನು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋಶೀಟುಗಳು ಎವರೆಸ್ಟ್ ಮಾದರಿಯ ಮೇಲೆ ಕಟ್ಟಿದವು. ಅಂಥ ಹಾಳೆಯಿಂದ ಅಂಕೆ ಎತ್ತಿ ಉಪಕರಣಕ್ಕೆ ಹಾಕುವ ಮೊದಲು ಸೆಟ್ಟಿಂಗ್ ಬದಲಿಸಬೇಕು, ಇಲ್ಲದಿದ್ದರೆ ಬೆಟ್ಟ ಒಂದು ಕಡೆ, ಗುರುತು ಇನ್ನೊಂದು ಕಡೆ.

ಕೊನೆಯ ಹತ್ತು ಮೀಟರ್

ತೆರೆದ ಬಯಲಿನಲ್ಲಿ ಇಂದಿನ ಒಳ್ಳೆಯ ಉಪಕರಣ ಮೂರರಿಂದ ಐದು ಮೀಟರ್ ಹತ್ತಿರಕ್ಕೆ ಕರೆದೊಯ್ಯುತ್ತದೆ. ದಟ್ಟ ಮರಗಳ ಕೆಳಗೆ, ಕಣಿವೆಯಲ್ಲಿ, ಬಂಡೆಗೋಡೆಯ ಪಕ್ಕದಲ್ಲಿ ಹಾಗಲ್ಲ. ಅಲ್ಲಿ ಒಂದೆಡೆಯ ಉಪಗ್ರಹಗಳು ಮರೆಯಾಗುತ್ತವೆ, ಉಳಿದವುಗಳ ಸಂಕೇತ ಬಂಡೆಗೆ ಬಡಿದು ಸುತ್ತಿಬಳಸಿ ಬರುತ್ತದೆ. ಸುತ್ತಿ ಬಂದ ದೂರವನ್ನು ಉಪಕರಣ ನೇರ ದೂರವೆಂದು ನಂಬುತ್ತದೆ. ಇದರ ಜೊತೆಗೆ ಡಬ್ಬಿ ಇಟ್ಟವರ ಉಪಕರಣಕ್ಕೂ ಅದರದೇ ತಪ್ಪು ಇತ್ತು. ಇಟ್ಟವರದು ಐದು, ಹುಡುಕುವವರದು ಐದು ಎಂದರೆ ಹತ್ತು ಮೀಟರ್ ದೂರದಲ್ಲಿ ಡಬ್ಬಿ ಇದ್ದರೂ ಯಾರನ್ನೂ ದೂರುವಂತಿಲ್ಲ.

ಇಡೀ ಆಟ ಬದುಕಿರುವುದು ಈ ಸಂದಿಯಲ್ಲಿ ಎಂಬುದು ಈ ಲೇಖಕನ ಅಭಿಪ್ರಾಯ. ನೂರು ಮೀಟರ್ ತಪ್ಪುವ ಕಾಲದಲ್ಲಿ ಆಟ ಹುಟ್ಟಲು ಸಾಧ್ಯವಿರಲಿಲ್ಲ. ಒಂದು ಸೆಂಟಿಮೀಟರ್ ಕರಾರುವಾಕ್ಕಾಗಿದ್ದರೆ ಹುಡುಕುವುದು ಎಂಬುದೇ ಇರುತ್ತಿರಲಿಲ್ಲ, ಹೋಗಿ ಎತ್ತಿಕೊಂಡು ಬರುವುದಷ್ಟೇ. ನುರಿತವರು ಅಂಕೆಗಳಿಗೆ ಜೋತುಬೀಳದಿರುವುದೂ ಇದನ್ನು ಬಲ್ಲದ್ದರಿಂದಲೇ. ಅವರು ಹದಿನೈದಿಪ್ಪತ್ತು ಮೀಟರ್ ಇರುವಾಗ ನಡಿಗೆ ನಿಲ್ಲಿಸಿ, ಉಪಕರಣವನ್ನು ಆಕಾಶಕ್ಕೆ ತೆರೆದು ಹಿಡಿದು, ಅಂಕೆ ಕುಣಿಯುವುದು ನಿಲ್ಲಲಿ ಎಂದು ಕಾಯುತ್ತಾರೆ. ಬಾಣ ತೋರಿಸುವ ದಿಕ್ಕನ್ನು ನೋಡಿಕೊಂಡು, ಪಕ್ಕಕ್ಕೆ ಸರಿದು ಮತ್ತೊಂದು ಕೋನದಿಂದ ಇನ್ನೊಮ್ಮೆ ನೋಡುತ್ತಾರೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿ ಕೈ ಹಾಕುತ್ತಾರೆ. ಕಾಂತಸೂಚಿ ಇಲ್ಲದ ಅಗ್ಗದ ಮಾದರಿಗಳಲ್ಲಿ ಬಾಣ ದಿಕ್ಕು ಹಿಡಿಯುವುದು ನಡೆಯುತ್ತಿರುವಾಗ ಮಾತ್ರ, ನಿಂತ ಕೂಡಲೇ ಮನಬಂದಂತೆ ತಿರುಗುತ್ತದೆ. ಪ್ರತ್ಯೇಕ ದಿಕ್ಸೂಚಿ ಬಳಸುವವರು ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ಕೋನ ತಿಳಿದಿರಬೇಕು. ಕರ್ನಾಟಕದಲ್ಲಿ ಅದು ಒಂದೆರಡು ಡಿಗ್ರಿಯೊಳಗೆ, ಮರೆತರೂ ನಡೆದೀತು. ಆರೆಗನ್ನಿನಲ್ಲಿ 15 ಡಿಗ್ರಿಯ ಆಸುಪಾಸು. ನೂರು ಮೀಟರ್ ನಡೆಯುವಷ್ಟರಲ್ಲಿ ಇಪ್ಪತ್ತಾರು ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ.

ಆಮೇಲಿನದು ಕಣ್ಣಿನ ಕೆಲಸ. ಸಹಜವಾಗಿ ಬೀಳದಂತೆ ಜೋಡಿಸಿದ ಕಡ್ಡಿಗಳು, ಮರದ ಬೊಡ್ಡೆಯ ಬಳಿ ಬಣ್ಣ ಬೇರೆಯಾದ ಕಲ್ಲು, ಹಲವರು ಬಂದು ಹೋಗಿ ಸವೆದ ಹುಲ್ಲು. ಬಂಡೆ ಸಂದಿಗೆ ಬರಿಗೈ ಹಾಕುವ ಮುನ್ನ ಕೋಲಿನಿಂದ ತಡವಬೇಕೆಂಬುದು ನಮ್ಮ ಕಡೆಯ ಹಾವುಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಡಬ್ಬಿ ಇಡುವವರು ಮಾತ್ರ ಅವಸರ ಮಾಡಬಾರದು: ಒಂದೇ ಜಾಗದ ಅಳತೆಯನ್ನು ಹಲವು ನಿಮಿಷ, ಸಾಧ್ಯವಾದರೆ ಬೇರೆ ಬೇರೆ ದಿನ ತೆಗೆದು ಸರಾಸರಿ ಮಾಡಬೇಕು. ಉಪಗ್ರಹಗಳ ಜೋಡಣೆ ಗಂಟೆಗಂಟೆಗೂ ಬದಲಾಗುವುದರಿಂದ ಒಂದು ದಿನದ ತಪ್ಪು ಇನ್ನೊಂದು ದಿನದ್ದರಂತೆ ಇರುವುದಿಲ್ಲ.

ಚಾರಣದಲ್ಲಿ

ಆಟದ ಹೊರಗೆ ಕೈ ಜಿಪಿಎಸ್‌ನ ದೊಡ್ಡ ಉಪಯೋಗ ಬಂದ ದಾರಿಯನ್ನು ನೆನಪಿಟ್ಟುಕೊಳ್ಳುವುದು. ನಡೆದ ಹಾದಿ ಚುಕ್ಕಿಚುಕ್ಕಿಯ ಟ್ರ್ಯಾಕ್ ಆಗಿ ಉಳಿಯುತ್ತದೆ. ಪಶ್ಚಿಮ ಘಟ್ಟದ ಶೋಲಾ ಹುಲ್ಲುಗಾವಲಿನಲ್ಲಿ ಮಂಜು ಕವಿದು ಹತ್ತು ಅಡಿ ಆಚೆ ಕಾಣದಾದಾಗ ಅದನ್ನೇ ಹಿಡಿದು ಹಿಂದಿರುಗಬಹುದು. ನೀರು ಸಿಗುವ ಜಾಗ, ಹಳ್ಳ ದಾಟುವ ಜಾಗ, ಕವಲುದಾರಿಗಳನ್ನು ಹೋಗುವಾಗಲೇ ಗುರುತು ಹಾಕಿಕೊಳ್ಳುವುದು ಜಾಣತನ. ಈ ಗುರುತು ಮತ್ತು ಹಾದಿಗಳು ಜಿಪಿಎಕ್ಸ್ ಎಂಬ ಕಡತದಲ್ಲಿ ಉಳಿಯುತ್ತವೆ. ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಉಪಕರಣಗಳೂ ಅದನ್ನು ಓದುತ್ತವೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಮೊದಲಲ್ಲಿ ಬೆಳೆದದ್ದು ಜನ ತಾವೇ ನಡೆದು, ಸೈಕಲ್ ತುಳಿದು ತಂದುಕೊಟ್ಟ ಇಂಥ ಹಾದಿಗಳಿಂದ. ಅದರ ನಕ್ಷೆಗಳನ್ನು ಈಗ ಉಪಕರಣಗಳಿಗೆ ಉಚಿತವಾಗಿ ತುಂಬಿಕೊಳ್ಳಬಹುದು.

ಎತ್ತರದ ವಿಷಯದಲ್ಲಿ ಜಿಪಿಎಸ್ ಅಷ್ಟು ನಂಬಿಕಸ್ಥನಲ್ಲ. ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇರುವುದರಿಂದ, ಕಾಲ ಕೆಳಗಿನವು ಭೂಮಿಯ ಮರೆಯಲ್ಲಿರುವುದರಿಂದ, ಲಂಬ ದಿಕ್ಕಿನ ತಪ್ಪು ಯಾವಾಗಲೂ ಹೆಚ್ಚು. ಅದಕ್ಕಿಂತ ವಿಚಿತ್ರವಾದದ್ದು ದಕ್ಷಿಣ ಭಾರತಕ್ಕೇ ಸೇರಿದ್ದು. ಜಿಪಿಎಸ್ ಲೆಕ್ಕ ಹಾಕುವುದು ನಯವಾದ ದೀರ್ಘಗೋಳದಿಂದ ಮೇಲೆ. ನಾವು ಹೇಳುವುದು ಸಮುದ್ರಮಟ್ಟದಿಂದ ಮೇಲೆ. ಭೂಮಿಯ ಗುರುತ್ವ ಎಲ್ಲೆಡೆ ಒಂದೇ ಸಮ ಇಲ್ಲದ ಕಾರಣ ಇವೆರಡೂ ಹೊಂದುವುದಿಲ್ಲ, ಮತ್ತು ಜಗತ್ತಿನಲ್ಲೇ ಸಮುದ್ರಮಟ್ಟ ದೀರ್ಘಗೋಳಕ್ಕಿಂತ ಅತಿ ಹೆಚ್ಚು ತಗ್ಗಿರುವುದು ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ, ನೂರು ಮೀಟರಿಗೂ ಹೆಚ್ಚು. ಅದರ ಅಂಚಿನಲ್ಲಿರುವ ಬೆಂಗಳೂರಿನಲ್ಲೂ ಈ ವ್ಯತ್ಯಾಸ ಎಂಬತ್ತು ಮೀಟರ್ ಮೀರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಅಂತರರಾಷ್ಟ್ರೀಯ ಜಾಲದ ಜಿಪಿಎಸ್ ಕೇಂದ್ರದ ಎತ್ತರ ದೀರ್ಘಗೋಳದ ಲೆಕ್ಕದಲ್ಲಿ ಸುಮಾರು 844 ಮೀಟರ್. ನಗರದ ಎತ್ತರ 920 ಮೀಟರ್ ಎಂದು ಶಾಲೆಯಲ್ಲಿ ಓದಿದವರಿಗೆ ಇದು ಕಂಡರೆ ಗಾಬರಿ. ಕೈ ಉಪಕರಣಗಳು ಈ ತಿದ್ದುಪಡಿಯ ಕೋಷ್ಟಕವನ್ನು ಒಳಗೇ ಇಟ್ಟುಕೊಂಡಿರುತ್ತವೆ. ಕೆಲವು ಫೋನ್ ಆ್ಯಪ್‌ಗಳು ಕಚ್ಚಾ ಅಂಕೆಯನ್ನೇ ತೋರಿಸುತ್ತವೆ. ದುಬಾರಿ ಮಾದರಿಗಳಲ್ಲಿ ಗಾಳಿಯೊತ್ತಡದಿಂದ ಎತ್ತರ ಅಳೆಯುವ ಮಾಪಕವೂ ಇರುತ್ತದೆ. ಹತ್ತಲು ಶುರು ಮಾಡುವ ಮೊದಲು ಗೊತ್ತಿರುವ ಎತ್ತರಕ್ಕೆ ಹೊಂದಿಸಿಕೊಂಡರೆ ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತದೆ, ಹವಾಮಾನ ಕೆಟ್ಟರೆ ಅದೂ ಕೆಡುತ್ತದೆ.

ಫೋನೇ ಇರುವಾಗ ಇದೇಕೆ? ಊರೊಳಗಿನ ಆಟಕ್ಕೆ ನಿಜಕ್ಕೂ ಬೇಡ. ಕೈ ಉಪಕರಣದ ಲಾಭ ಬೇರೆ ಕಡೆ ಇದೆ: ಹಲವು ಮಾದರಿಗಳು ಎರಡು ಪೆನ್ಸಿಲ್ ಸೆಲ್ಲಿನಲ್ಲಿ 20 ಗಂಟೆಗೂ ಮೇಲೆ ಓಡುತ್ತವೆ, ಸೆಲ್ಲು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ, ಬಿಸಿಲಿನಲ್ಲಿ ಪರದೆ ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಮಳೆಗೆ ಒದ್ದೆಯಾದ ಕೈಯಲ್ಲಿ ಗುಂಡಿ ಒತ್ತಬಹುದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಾರಿ ಹುಡುಕುವುದಕ್ಕೆ ಒಂದು, ಸಹಾಯಕ್ಕೆ ಕರೆಯುವುದಕ್ಕೆ ಇನ್ನೊಂದು ಬ್ಯಾಟರಿ ಇದ್ದಂತಾಗುತ್ತದೆ.

ಎಡವಟ್ಟುಗಳು

ಸಾರ್ವಜನಿಕ ಜಾಗದಲ್ಲಿ ಅನುಮಾನ ಬರುವಂತೆ ತಡಕಾಡಿ ಒಂದು ಪೆಟ್ಟಿಗೆ ಇಟ್ಟರೆ ಏನಾಗಬಹುದೋ ಅದು ಆಗಿದೆ. 2011ರ ಜುಲೈಯಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಕೆಫೆಯೊಂದರ ಹೊರಗಿದ್ದ ಡಬ್ಬಿಯನ್ನು ಬಾಂಬೆಂದು ಬಗೆದು ಸೇನೆಯ ತಂಡ ಸ್ಫೋಟಿಸಿ ಹಾಕಿತು. ಶಾಲೆ, ರೈಲು ಸೇತುವೆ, ವಿಮಾನ ನಿಲ್ದಾಣ, ಸರ್ಕಾರಿ ಕಟ್ಟಡಗಳ ಹತ್ತಿರ ಇಡಬಾರದೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಡಬ್ಬಿ ಪಾರದರ್ಶಕವಾಗಿದ್ದು, ಹೊರಗೆ ಆಟದ ಹೆಸರು ಬರೆದಿದ್ದರೆ ಒಳ್ಳೆಯದು. ಅಂಕೆ ತೋರಿಸುವ ದಿಕ್ಕಿಗೆ ನುಗ್ಗುವ ಹಟವೂ ಜೀವ ತೆಗೆದಿದೆ: 2018ರ ಜೂನ್‌ನಲ್ಲಿ ಪ್ರಾಗ್ ನಗರದ ನೆಲದಡಿಯ ಹೊಳೆಗಾಲುವೆಯಲ್ಲಿ ಡಬ್ಬಿ ಹುಡುಕುತ್ತಿದ್ದವರನ್ನು ಹಠಾತ್ ಮಳೆಯ ನೀರು ಕೊಚ್ಚಿಕೊಂಡು ಹೋಯಿತು. ಆಹಾರವನ್ನು ಡಬ್ಬಿಯಲ್ಲಿಡಬಾರದು, ಕರಡಿಯಿಂದ ಇರುವೆಯವರೆಗೆ ಎಲ್ಲವೂ ಹುಡುಕಿಕೊಂಡು ಬರುತ್ತವೆ. ಅಲ್ಮರ್‌ನ ಬೀನ್ಸ್ ಡಬ್ಬಿಯನ್ನು ಆಟಗಾರರು ಹೇಗೋ ಪತ್ತೆ ಮಾಡಿ, ಈಗ ಅದಕ್ಕೊಂದು ಬಿಲ್ಲೆ ಕಟ್ಟಿ ಮೆರವಣಿಗೆ ಮಾಡಿಸುತ್ತಾರೆ ಎಂಬುದು ಬೇರೆ ಮಾತು.

ಭಾರತದಲ್ಲಿ

ಯುರೋಪ್, ಅಮೆರಿಕಗಳಿಗೆ ಹೋಲಿಸಿದರೆ ಭಾರತದಲ್ಲಿ ಡಬ್ಬಿಗಳು ತೀರ ವಿರಳ. ಜನ ಓಡಾಡದ ಜಾಗ ಕಡಿಮೆ. ಗುಜರಿ ಆಯುವ ಕಣ್ಣಿಗೆ ಯಾವ ಪೆಟ್ಟಿಗೆಯೂ ತಪ್ಪಿಸಿಕೊಳ್ಳುವುದಿಲ್ಲ. ಪೊದೆಯಲ್ಲಿ ತಡಕಾಡುವ ಮನುಷ್ಯನ ಸುತ್ತ ಐದು ನಿಮಿಷದಲ್ಲಿ ನಾಲ್ಕು ಜನ ಸೇರಿ ಏನು ಕಳೆದುಹೋಯಿತು ಸ್ವಾಮಿ ಎಂದು ಕೇಳುತ್ತಾರೆ. ಕಾಡಿನ ಕಟ್ಟುಪಾಡು ಬೇರೆ. ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನಗಳಿಗೆ ಕಾಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಅಲ್ಲಿ ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಬರುವ ಮಾತೇ ಇಲ್ಲ. ಕರ್ನಾಟಕದ ಹೆಸರಾಂತ ಚಾರಣ ಹಾದಿಗಳಿಗೂ, ಕುಮಾರ ಪರ್ವತದಲ್ಲಿ 2024ರ ಆರಂಭದಲ್ಲಿ ಜನಜಂಗುಳಿ ಆದ ಮೇಲೆ, ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದಿದೆ.

ಸಂಕೇತಗಳ ವಿಷಯದಲ್ಲಿ ಮಾತ್ರ ನಾವು ಭಾಗ್ಯವಂತರು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ವಿಮಾನಗಳಿಗಾಗಿ ಕಟ್ಟಿದ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಅದು ಜಿಪಿಎಸ್‌ನ ತಪ್ಪುಗಳನ್ನು ಲೆಕ್ಕ ಹಾಕಿ, ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಗಳ ಮೂಲಕ ಜಿಪಿಎಸ್‌ನದೇ ಆವರ್ತನದಲ್ಲಿ ಸಾರುತ್ತದೆ. ಇಂಥ ತಿದ್ದುಪಡಿ ಓದಬಲ್ಲ ಕೈ ಉಪಕರಣಗಳೂ ಅದನ್ನು ಬಳಸಬಹುದು. ಒಂದು ತೊಡಕೂ ಇದೆ: ಭೂಕಾಂತೀಯ ವಿಷುವದ್ರೇಖೆ ನಮ್ಮ ದಕ್ಷಿಣ ತುದಿಯಲ್ಲಿ ಹಾದುಹೋಗುವುದರಿಂದ ಇಲ್ಲಿನ ಅಯಾನುಗೋಳ, ಅಂದರೆ ಸಂಕೇತಗಳು ಹಾದುಬರುವ ವಿದ್ಯುದಾವಿಷ್ಟ ಮೇಲ್ಪದರ, ಹೊತ್ತು ಮುಳುಗಿದ ಮೇಲೆ ಪ್ರಕ್ಷುಬ್ಧವಾಗುವುದುಂಟು. ಎರಡು ಆವರ್ತನ ಕೇಳುವ ಹೊಸ ಉಪಕರಣಗಳು ಅಯಾನುಗೋಳದಿಂದಾಗುವ ತಡವನ್ನು ತಾವೇ ಅಳೆದು ಕಳೆಯುತ್ತವೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಿಂದ ನಡೆಯುವ, ಜಿಪಿಎಸ್‌ನಂಥದೇ ಆದ ಭಾರತದ ಸ್ವಂತ ನಾವಿಕ್ ವ್ಯವಸ್ಥೆ ಮೊದಲಲ್ಲಿ ಎಲ್5 ಮತ್ತು ಎಸ್ ಎಂಬ ಆವರ್ತನ ಪಟ್ಟಿಗಳಲ್ಲಷ್ಟೇ ಸಾರುತ್ತಿದ್ದುದರಿಂದ ಸಾಮಾನ್ಯ ಕೈ ಉಪಕರಣಗಳಿಗೆ ದಕ್ಕಲಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ, ಸಾಮಾನ್ಯ ಉಪಕರಣಗಳು ಕೇಳುವ ಎಲ್1 ಪಟ್ಟಿ ಕೂಡ ಸೇರಿದೆ.

ಕೊಳ್ಳುವವರು ಒಂದು ಕಾನೂನನ್ನು ತಿಳಿದಿರಬೇಕು. ಬರೀ ಕೇಳುವ ಜಿಪಿಎಸ್‌ಗೆ ತೊಡಕಿಲ್ಲ. ಉಪಗ್ರಹಕ್ಕೆ ಸಂದೇಶ ಕಳಿಸಬಲ್ಲ ಉಪಕರಣಗಳಿಗೆ, ಉಪಗ್ರಹ ಫೋನಿನ ಹಾಗೆಯೇ, ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು; ಅದಿಲ್ಲದೆ ತಂದ ವಿದೇಶಿ ಚಾರಣಿಗರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದು ಪೊಲೀಸ್ ಠಾಣೆ ಕಂಡಿದ್ದಾರೆ. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 67 ಮತ್ತು 67ಐ ನೋಡಲು ಹೆಚ್ಚುಕಡಿಮೆ ಒಂದೇ ಥರ. ಸಂದೇಶ ಕಳಿಸುವುದು ಎರಡನೆಯದು.